ತೋಳಿಗಂಟಿ ಬಂದದ್ದು

ಆಗ ಕಂಪ್ಯೂಟರ್ ಇರಲಿಲ್ಲ, ಕತ್ತರಿ ಇತ್ತು.
ಸ್ವೀಡನ್ನಿನ ಬಡಗಣ ಊರು ಉಮೆಯೋ,
ಅಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಇಂಗೆಯರ್ಡ್ ಮತ್ತು ನಾನು ಎದುರುಬದುರು ಕೂತು
ದಿನವಿಡೀ
ಇನ್ನೂ ಹುಟ್ಟದವರ ಫೋಟೋ ಕತ್ತರಿಸುತ್ತಿದ್ದೆವು.

ಫೋಟೋ ಎಂದರೆ ಮುಖವಲ್ಲ.
ಬಸುರಿಯ ಹೊಟ್ಟೆಗೆ ಉದ್ದನೆಯ ಸೂಜಿ ಇಳಿಸಿ
ಎಳೆದು ತಂದ ನಾಲ್ಕು ಚಮಚ ನೀರು,
ಒಣಹುಲ್ಲಿನ ಬಣ್ಣದ್ದು.
ಅದರಲ್ಲಿ ತೇಲುವ ಕಣಗಳನ್ನು ಎರಡು ವಾರ
ಹೆಪ್ಪು ಹಾಕಿದ ಹಾಲಿನಂತೆ ಬೆಚ್ಚಗಿಟ್ಟು ಕಾದು,
ಗಳಿಗೆ ನೋಡಿ ಒಡೆದು, ಬಣ್ಣ ಹಚ್ಚಿ
ಸೂಕ್ಷ್ಮದರ್ಶಕದಡಿ ತೆಗೆದ ಚಿತ್ರ:
ಯಾರೋ ಕೈತಪ್ಪಿ ಚೆಲ್ಲಿದ ಶಾವಿಗೆ ಚೂರು.

ಒಂದೊಂದನ್ನೂ ಬಿಡಿಸಿ, ಜೋಡಿ ಹುಡುಕಿ,
ದೊಡ್ಡವು ಮೊದಲು, ಚಿಕ್ಕವು ಕೊನೆಗೆ,
ಹಾಳೆಗೆ ಅಂಟಿಸುವುದು. ಇಪ್ಪತ್ಮೂರು ಜೋಡಿ.
ಸೀನು ಬಂದರೆ ಎದ್ದು ಹೊರಗೋಡಬೇಕು,
ಅದು ಇಂಗೆಯರ್ಡ್ ಮಾಡಿದ ಕಾನೂನು;
ಹಿಂದೊಮ್ಮೆ ಅವಳದೇ ಒಂದು ಸೀನಿಗೆ
ಇಬ್ಬರು ಗಂಡುಮಕ್ಕಳು ಬೆರೆತುಹೋಗಿ
ಮಧ್ಯಾಹ್ನವೆಲ್ಲ ಬೇರ್ಪಡಿಸಿದ್ದೆವು.
ಹೆಸರು ನಮಗೆ ತಿಳಿಯದು. ನಂಬರು ಮಾತ್ರ.
ತಿಳಿಯಬಾರದೆಂದೇ ನಂಬರು.

ಎಂಬತ್ಮೂರರ ಫೆಬ್ರವರಿ.
ಮುನ್ನೂರ ಹದಿನೆಂಟರ ಮೊದಲ ಹಾಳೆ
ನಲವತ್ತಾರಕ್ಕೆ ಸರಿಯಾಗಿ ಮುಗಿದಿತ್ತು.
ಅಂದು ಕತ್ತರಿಸಿದ್ದು ಅದೊಂದೇ.
ಮನೆಯಲ್ಲಿ ಗಂಜಿ ತಿರುವುತ್ತಿದ್ದೆ.
ಹೋಲ್ಗರ್ ಕೇಳಿದ: ತೋಳಿಗೆ ಅದೇನು ಅಂಟಿಸಿಕೊಂಡಿದ್ದೀ?
ನೀಲಿ ಉಣ್ಣೆಯ ಮೊಣಕೈ ಮೇಲೆ
ಅಕ್ಕಿಕಾಳಿನಷ್ಟು ಕಾಗದ.
ಬೆರಳ ತುದಿಗೆ ತೆಗೆದು ದೀಪಕ್ಕೆ ಹಿಡಿದೆ.
ಒಂಬತ್ತು ವರ್ಷ ದಿನಾ ಕಂಡ ಪಟ್ಟೆ,
ಗುರುತು ಹತ್ತದೆ ಇರುತ್ತದೆಯೇ:
ಇಪ್ಪತ್ತೊಂದು.

ಹಾಳೆಯಲ್ಲಿ ಇಪ್ಪತ್ತೊಂದರ ಮನೆ ಆಗಲೇ ತುಂಬಿತ್ತು.

ಒಲೆ ಉರಿಯುತ್ತಿತ್ತು ಎರಡು ಗೇಣು ದೂರದಲ್ಲಿ.
ಸುಳ್ಳು ಯಾಕೆ ಹೇಳಲಿ, ಒಲೆಯ ಕಡೆ ನೋಡಿದೆ.
ಸುಟ್ಟಿದ್ದರೂ ಏನೂ ಆಗುತ್ತಿರಲಿಲ್ಲ, ಅದೇ ತಮಾಷೆ;
ಒಂದು ಹಾಳೆಯ ಮೇಲೆ ಯಾರೂ ತೀರ್ಪು ಕೊಡುವುದಿಲ್ಲ,
ನಾಳೆ ಇಂಗೆಯರ್ಡ್ ಇನ್ನೂ ಹತ್ತಾರು ಕಣ ಎಣಿಸುತ್ತಾಳೆ,
ಗಾಜಿನ ಮೇಲೆ ಮೂರು ಮೂರಾಗಿಯೇ ಇರುತ್ತದೆ.
ಬಸುರಿನ ಒಳಗೂ.
ಆದರೂ.

ಬೆಂಕಿಪೊಟ್ಟಣದ ಕಡ್ಡಿ ಸುರಿದು ಚೂರನ್ನು ಒಳಗಿಟ್ಟೆ.
ಕಾಲಲ್ಲಿ ಒದ್ದು ಓಡಿಸುವ ಜಾರುಬಂಡಿ ಏರಿ ಹೊರಟೆ.
ಮೈನಸ್ ಇಪ್ಪತ್ತಾರು. ನದಿ ಕಲ್ಲಾಗಿತ್ತು.
ಹೋಲ್ಗರ್ ಹೊಸಿಲಲ್ಲಿ ನಿಂತು ಕೂಗಿದ,
ಒಂದು ಚೂರು ಕಾಗದಕ್ಕೆ!
ಗಂಜಿ ತಳ ಹಿಡಿಯಿತಂತೆ.

ಕಾವಲಿನ ಆರ್ವಿದ್ ಬೀಗ ತೆಗೆದ, ಏನೂ ಕೇಳಲಿಲ್ಲ.
ಹಾಳೆ ಒಣಗಿ ಅಂಚು ಸುರುಳಿಯಾಗಿತ್ತು.
ಇಬ್ಬರು ಮಲಗುವ ಜಾಗದಲ್ಲಿ ಮೂರನೆಯದನ್ನು
ಓರೆಯಾಗಿ ತೂರಿಸಿ
ಹೆಬ್ಬೆರಳು ಒತ್ತಿ ಹಿಡಿದೆ,
ಅಂಟು ಕಚ್ಚುವುದಕ್ಕೆ ಬೇಕಾದದ್ದಕ್ಕಿಂತ
ಬಹಳ ಹೊತ್ತು.

ಫೋನು ಮಾಡುವವರು ಮೇಲಿನ ಮಹಡಿಯವರು.
ಆಕೆ ನಿಂತು ಕೇಳಿದಳೋ ಕೂತು ಕೇಳಿದಳೋ,
ಹೆತ್ತಳೋ ಇಲ್ಲವೋ,
ನೆಲಮಾಳಿಗೆಗೆ ಇಳಿದು ಬರುವ ಸುದ್ದಿಯಲ್ಲ ಅದು.
ಯಾವುದಾಗಿದ್ದರೂ ಸೈ ಎನ್ನಲು, ತಪ್ಪೆನ್ನಲು
ನಾನು ಯಾರು, ಅಂಟಿನ ಕೈಯವಳು.
ಬಸ್ಸಿನಲ್ಲಿ ಮಾತ್ರ ಕೆಲವೊಮ್ಮೆ
ವಯಸ್ಸಿನ ಲೆಕ್ಕ ಹಾಕುತ್ತಿದ್ದೆ:
ಈಗ ಎಂಟು ತುಂಬಿರಬೇಕು. ಈಗ ಹತ್ತೊಂಬತ್ತು.

ಈಗ ಎಲ್ಲ ಯಂತ್ರ.
ತಾಯಿಯ ತೋಳಿನಿಂದ ಒಂದು ಕೊಳವೆ ರಕ್ತ ಸಾಕಂತೆ.
ಕತ್ತರಿ ನನ್ನ ಅಡಿಗೆಮನೆಗೆ ಬಂತು,
ಅದರಲ್ಲೇ ಸಬ್ಬಸಿಗೆ ಕತ್ತರಿಸುತ್ತೇನೆ.
ಕೋಟು ತೊಡುವ ಮುನ್ನ ಇಂದಿಗೂ
ಮೊಣಕೈ ತಿರುವಿ ಒಮ್ಮೆ ನೋಡಿಕೊಳ್ಳುತ್ತೇನೆ.
ಇದ್ದಷ್ಟು ದಿನ ಹೋಲ್ಗರ್ ಆಡಿಕೊಳ್ಳುತ್ತಿದ್ದ,
ಬೂಟಿನ ದಾರ ಬಿಗಿಯುತ್ತ, ತಲೆಯೆತ್ತದೆ:
ಸಿಕ್ಕಿದರೇ ಯಾರಾದರೂ?