ಹದಿನಾಲ್ಕನೇ ಹಂಡೆ

ಮೇಟಗಳ್ಳಿಯಲ್ಲಿ, ಮುಚ್ಚಿಹೋದ ಊದುಬತ್ತಿ ಗೋದಾಮಿನೊಳಗೆ
ಸಲೋಮಿ ಬಿಯರು ಮಾಡುತ್ತಾಳೆ.
ಆರು ಉಕ್ಕಿನ ಹಂಡೆ, ಕೈಗೊಬ್ಬ ಹುಡುಗ ಮಾದೇಶ,
ಗೋಡೆ ಬಿಡದ ಸಾಂಬ್ರಾಣಿ ಧೂಳು.
"ಹದಿನಾಲ್ಕನೇದು ಯಾಕೋ ಸರಿಬಂದಿಲ್ಲ ಆಂಟಿ,
ಕುಡೀಬೇಡಿ, ಬರೀ ನೋಡಿ ಹೇಳಿ" ಅಂದಳು.
ನೋಡಿ ಹೇಳೋಕೆ ನಾನೇನು ಹೆಣ್ಣು ನೋಡೋಕೆ ಬಂದಿದ್ದೀನಾ?
ಕೊಡು ಇಲ್ಲಿ, ಅಂದೆ.

ನನಗೆ ಬಿಯರು ಗೊತ್ತಿಲ್ಲ. ನೀರು ಗೊತ್ತು.
ಮೂವತ್ತೊಂದು ವರ್ಷ ನೀರು ಸರಬರಾಜಿನ ಪ್ರಯೋಗಾಲಯದಲ್ಲಿ
ಊರು ಏಳುವ ಮುಂಚೆ
ಊರಿನ ನೀರನ್ನು ನಾಲಗೆಯ ಮೇಲಿಟ್ಟುಕೊಂಡು
ಹೂಂ, ಹೋಗಲಿ, ಅಂದವಳು.
ನಾನು ಹೂಂ ಅಂದಮೇಲೆ
ಒಂಟಿಕೊಪ್ಪಲಿನ ನಲ್ಲಿಗಳು ಕೆಮ್ಮುತ್ತಿದ್ದವು.
ಜುಲೈಯಲ್ಲಿ ಕಾವೇರಿಗೆ ಕೆಮ್ಮಣ್ಣಿನ ರುಚಿ,
ಏಪ್ರಿಲ್‌ನಲ್ಲಿ ಪಾಚಿಯದು, ಸೌತೆಕಾಯಿ ಸಿಪ್ಪೆಯ ಹಾಗೆ.
ಕ್ಲೋರಿನ್ನು ಒಂದು ಕೂದಲು ಹೆಚ್ಚಾದರೆ
ಅವತ್ತು ಊರಿಗೂರೇ ಕಾಫಿ ಕೆಡುತ್ತಿತ್ತು.
ಹೆಸರು ಹಿಡಿದು ಬೈದವರಿಲ್ಲ, ಹೊಗಳಿದವರೂ.

ಲೋಟ ಎತ್ತಿ ಕಿಟಕಿಗೆ ಹಿಡಿದೆ.
ಹೊಸ ಬಿದಿರ ಮೊರದ ಬಣ್ಣ.
ಎಡಗಡೆಯ ಲಾರಿ ಬಲಕ್ಕೆ ಸರಿದು, ಬಾಗಿ,
ನಂಬರು ಓದುವಷ್ಟು ನಿಚ್ಚಳ.
ನೊರೆ, ಆಗ ತಾನೆ ಕರೆದ ಹಾಲಿನದರಷ್ಟಲ್ಲ,
ಸೀಗೆಯದಕ್ಕಿಂತ ಮೇಲು.
ಮಾದೇಶ ಮನಸ್ಸಲ್ಲೇ ಎಣಿಸುತ್ತಿದ್ದ, ತುಟಿ ಅಲುಗುತ್ತಿತ್ತು.

ಮೂಗಿಗೆ ಮೊದಲು ಸಿಕ್ಕಿದ್ದು ಸಾಂಬ್ರಾಣಿ.
ಅದು ಲೋಟದ್ದಲ್ಲ, ಗೋಡೆಯದು.
ಗೋಡೆಯನ್ನು ಪಕ್ಕಕ್ಕಿಟ್ಟೆ.
ಆಮೇಲೆ ಹುರಿಗಾಳು, ಕೊಯ್ದು ಹಾಕಿದ ಹುಲ್ಲು,
ಅದರ ಹಿಂದೆ, ಬಾಗಿಲ ಸಂದಿಯಲ್ಲಿ ನಿಂತ ಮಗುವಿನ ಹಾಗೆ,
ಬೆಣ್ಣೆ ಕಾಯಿಸಿದ ವಾಸನೆ.

ಒಂದು ಗುಟುಕು. ಉಗುಳಲಿಲ್ಲ.
ಎರಡನೇ ಸಲ ಅಕ್ಕಿ ತೊಳೆದ ನೀರಿನಷ್ಟು ಸಿಹಿ,
ಕಹಿ ಬಂತು, ಬರಬೇಕಾದ್ದೇ,
ಹಾಗಲದ್ದಲ್ಲ, ಮೆಂತ್ಯ ಸೊಪ್ಪಿನದು.
ಬಂದದ್ದು ಹೋಗಲಿಲ್ಲ.
ಎಲೆ ಎತ್ತಿದ ಮೇಲೂ ಎದ್ದೇಳದ ನೆಂಟನ ಹಾಗೆ
ನಾಲಗೆಯ ಹಿಂಬದಿಯಲ್ಲಿ ಕೂತಿತ್ತು, ಸುಣ್ಣ ಮೆತ್ತಿಕೊಂಡು.

ಈ ಸುಣ್ಣ ನನಗೆ ಗೊತ್ತು.
ಮುನ್ನೂರು ಅಡಿ ಕೆಳಗಿನದು.
"ಸಲೋಮಿ, ಇದು ಕಾವೇರಿ ಅಲ್ಲ."
"ಕಾವೇರೀನೇ ಆಂಟಿ."
ಮಾದೇಶ ಹಂಡೆ ಒರೆಸತೊಡಗಿದ, ಒರೆಸಿದ್ದನ್ನೇ ಒರೆಸಿದ.
"ಮೂರು ದಿನ ನಲ್ಲಿ ಬಂದಿರಲಿಲ್ಲ ಅಕ್ಕಾ,
ಪಕ್ಕದ ಗ್ಯಾರೇಜಿನ ಬೋರಿಂದ ಒಂದೆಂಟು ಬಿಂದಿಗೆ..."

ಅವಳ ಮುಖ ಕಂಡು ಅಂದೆ,
"ಸುಣ್ಣ ಅವನದು. ಬೆಣ್ಣೆ ಅವನದಲ್ಲ."
ತುಸು ಹೊತ್ತಿನ ಮೇಲೆ ಅವಳೇ ಬಾಯಿಬಿಟ್ಟಳು:
ಆರು ವಾರ ತಣ್ಣಗೆ ಮಲಗಬೇಕಿತ್ತು,
ಹತ್ತೊಂಬತ್ತನೇ ದಿನಕ್ಕೇ ಎಬ್ಬಿಸಿದೆ. ದಸರಾ ಆರ್ಡರು.

ನಾನು ಬೈಯಲಿಲ್ಲ.
ನೆಗಡಿಯಾಗಿದ್ದ ಒಂದು ಬೆಳಿಗ್ಗೆ
ರುಚಿ ತಿಳಿಯದೆಯೇ ಹೂಂ ಅಂದಿದ್ದೆ.
ಆಮೇಲೆ ವಾರವಿಡೀ ಪೇಪರಿನ ಮೂಲೆಮೂಲೆ ಹುಡುಕಿದೆ,
ವಾಂತಿಭೇದಿ, ಯಾವ ಬಡಾವಣೆ, ಎಷ್ಟು ಜನ.
ಏನೂ ಇರಲಿಲ್ಲ.
ಇರಲಿಲ್ಲ ಎಂಬುದನ್ನು ಇನ್ನೂ ಪೂರ್ತಿ ನಂಬಿಲ್ಲ.

"ಚೆಲ್ಲಿಬಿಡಲಾ?"
ಬೇಡ. ಇನ್ನೂ ಮಲಗಿಸು.
ಬೆಣ್ಣೆಯನ್ನು ಅದೇ ತಿಂದುಕೊಳ್ಳುತ್ತೆ.
ಸುಣ್ಣ ಹೋಗಲ್ಲ, ಅದನ್ನ ಕೇಳಿದವರಿಗೆ ಹೇಳಿ ಮಾರು.

ಅವಳ ನೋಟ್‌ಬುಕ್ಕಿನಲ್ಲಿ ಹಳೇ ಅಭ್ಯಾಸಕ್ಕೆ ಗೆರೆ ಎಳೆದೆ:
ಬಣ್ಣ, ವಾಸನೆ, ರುಚಿ, ಷರಾ.
ಷರಾದಲ್ಲಿ ಏನು ಬರೆಯಲಿ ಎಂದು ಯೋಚಿಸುತ್ತ
ಉಳಿದರ್ಧ ಲೋಟ ಯಾವಾಗ ಖಾಲಿಯಾಯಿತೋ.

ತೊಳೆಯಲು ಮಾದೇಶ ನಲ್ಲಿ ತಿರುಗಿಸಿದ.
ಕೆಮ್ಮಿತು, ಕೆಮ್ಮಿತು, ಆಮೇಲೆ ಬಂತು.
ಎಲ್ಲೋ ಯಾರೋ
ಹೂಂ ಅಂದಿರಬೇಕು.