ಕಾಟಾ, ಕಾಟ

ರಾತ್ರಿ ಹನ್ನೊಂದಕ್ಕ ಫೋನು:
ಖಾಲಿ ಟ್ರ್ಯಾಲಿಯ ತೂಕ ಎರಡು ಸಲ ಕಳೀಲಿಕ್ಕತ್ತೈತಿ, ಲಗೂನ ಬರ್ರಿ.
ಮುಧೋಳ ರಸ್ತೆಯ ಕಾರ್ಖಾನಿ ಗೇಟಿನಿಂದ
ಪೆಟ್ರೋಲ್ ಪಂಪಿನ ತನಕ ಕಬ್ಬು ನಿಂತಿತ್ತು,
ಒಂದೊಂದು ಟ್ರ್ಯಾಕ್ಟರಿಗೆ ಒಂದೊಂದು ಹಾಡು.

ದಸ್ತಗೀರ್ ಕುರ್ಚಿ ಬಿಟ್ಟುಕೊಟ್ಟ.
ಕೀಲಿಮಣೆಯ ಸಂದಿಯೊಳಗ ರವದಿಯ ಚೂರು.
ಇಪ್ಪತ್ತು ನಿಮಿಷದ ಕೆಲಸ, ಅಂದೆ.
ಅಂದವಳು ನಾನೇ.

ಕಳೆಯೂ ಸಾಲು ಸಿಕ್ತು. ಅಳಿಸಿದೆ. ಓಡಿಸಿದೆ.
ಅದೇ ತೂಕ.
ಇನ್ನೊಂದು ಸಾಲು ಅಳಿಸಿದೆ.
ಅದೇ.
ಹೊರಗಿನ ಹಾಡಿನ ಹಿಂದ ಮನಸ್ಸು ಎದ್ದು ಹೋತು,
ತಿರುಗಿ ಬಂದಾಗ ಯಾವ ಸಾಲಿನ್ಯಾಗ ಇದ್ದೆ ಗೊತ್ತಾಗಲಿಲ್ಲ.
ಕಾಟಾ ಅಂತ ಬರೆಯೂ ಕಡೆ ಕಾಟ ಅಂತ ಬರೆದೆ,
ಒಂದು ದೀರ್ಘ ಹೋತು.
ಕಂಸ ತೆರೆದೆ, ಮುಚ್ಚಲಿಲ್ಲ.
ಆದರೂ ಓಡಿತು!
ಆಗರೆ ಹೊಳೀಬೇಕಿತ್ತು.
ಹೊಳೀಲಿಲ್ಲ. ಉಲ್ಟಾ ಖುಷಿಪಟ್ಟೆ.

'ಇಲ್ಲಿಗೆ ಬಂದೆ' ಅಂತ ಹೇಳು ಅಂದೆ ಯಂತ್ರಕ್ಕ.
ಹೇಳಲಿಲ್ಲ.
ದೊಡ್ಡಕ್ಷರದಾಗ ಬರೆದೆ. ಹೇಳಲಿಲ್ಲ.
ಯಂತ್ರದ ಮ್ಯಾಲೆ ಸಿಟ್ಟಾಗಿ
ಬಳಪದ ಡಬ್ಬಿಯೊಳಗ ಚಹಾ ಬಗ್ಗಿಸಿದೆ.

ಕಿಟಕಿಗೆ ಮೋತಿ ಹಚ್ಚಿ ಪಾಯಪ್ಪ ಅಂದ:
"ಅಕ್ಕಾರ, ಅವಸರ ಮಾಡಬ್ಯಾಡ್ರಿ.
ನಿಮ್ಮ ಮಷಿನ್ನು ಸರಿ ಆಗೂದ್ರಾಗ
ಕಬ್ಬೇ ಒಣಗಿ ಅದು ಹೇಳಿದಷ್ಟ ತೂಗತೈತಿ."
ಸರತಿಯೊಳಗ ನಗಿ ಒಂದೊಂದೇ ಟ್ರ್ಯಾಲಿ ದಾಟಿ
ಪಂಪಿನ ತನಕ ಹೋತು.

ಮೂರಕ್ಕ, ಡಬ್ಬಿ ತೊಳಕೊಂಡು ಬಂದ ದಸ್ತಗೀರ್
ನನ್ನ ಹೆಗಲ ಹಿಂದ ನಿಂತ. ಭಾಳ ಹೊತ್ತು ನಿಂತ.
ಆಮ್ಯಾಲ, ಕೇಳಬೇಕೋ ಬ್ಯಾಡೋ ಅನ್ನೂವಂಗ:
"ಮೇಡಂ, ಮ್ಯಾಲಿನ ಪಟ್ಟಿಯೊಳಗ
'ಹಳೇದು' ಅಂತ ಬರದೈತಲ್ರಿ, ಹಂಗಂದ್ರ?"

ಹಂಗಂದ್ರ ಹಳೇದು.
ಹೋದ ಹಂಗಾಮಿನ್ಯಾಗ ನಾನೇ ನಕಲು ತೆಗೆದು
ನಾನೇ ಹೆಸರಿಟ್ಟು
ನಾನೇ ಮರೆತ ಕಡತ.
ನಾಲ್ಕು ತಾಸು
ಮಂದಿ ಹೊಲಕ್ಕ ನೀರು ಹಾಯಿಸಿದ್ದೆ.

ಅವನಿಗೇನೂ ಹೇಳಲಿಲ್ಲ.
ಬ್ಯಾರೆ ಕಡತ ತೆರೆದೆ. ಒಂದು ಸಾಲು.
ಕಂಸ ಮುಚ್ಚೈತೇನು ಅಂತ ಬೆರಳಿಟ್ಟು ನೋಡಿದೆ,
ಒಂದನೇತ್ತೆಯ ಹುಡುಗಿಯಂಗ.

ಪಾಯಪ್ಪ ಇಳಿಸಿ ಬಂದ. ಚೀಟಿ ಬಂತು:
ಹದಿನೆಂಟು ಟನ್ನು ಮುನ್ನೂರಾ ನಲವತ್ತು.
ಓದದೇ ಟೊಪಗಿಯೊಳಗ ಇಟ್ಟುಕೊಂಡ,
ಹಾಡಿನ ದನಿ ಏರಿಸಿದ.

ಬೆಳಗಿನ ಜಾವ
ಸ್ಕೂಟಿ ಕಡೆ ಹೋಗೂವಾಗ ಕಾಟಾ ಅಡ್ಡ ದಾಟಿದೆ.
ಒಳಗಿಂದ ದಸ್ತಗೀರ್ ಕೂಗಿದ: "ಐವತ್ತ್ರಿ!"
ನಾನು ಐವತ್ನಾಲ್ಕು.
ಹತ್ತು ಕಿಲೋದ ಒಳಗಿಂದು
ಆ ಕಾಟಾ ಎಣಿಸೂದಿಲ್ಲ.

ನಾಲ್ಕು ಕಿಲೋ
ಯಾರ ಲೆಕ್ಕಕ್ಕೂ ಸಿಗದಂಗ
ಗೇಟು ದಾಟಿದೆ.