ದಬ್ಬಳದವಳು

ಚೌಕಿಪೇಟೆಯ ದಲ್ಲಾಳಿ ಅಂಗಡಿಯ ಅಟ್ಟದ ಮೇಲೆ
ಸಂಘವೊಂದು ಶುರುವಾಗಿದೆ:
'ಊರು ಕಟ್ಟಿದ ಆದಿ ಮನೆತನಗಳ ಸಂತತಿ ಸಂಘ.'
ಬೋರ್ಡಿನ ಬಣ್ಣ ಇನ್ನೂ ಕೈಗೆ ಅಂಟುತ್ತದೆ.
ಸದಸ್ಯತ್ವ ಐನೂರ ಒಂದು. ಪೋಷಕರಾದರೆ ಐದು ಸಾವಿರ,
ಜೊತೆಗೊಂದು ಶಾಲು, ಗೋಡೆಯ ಮೇಲೆ ಹೆಸರು.

ನಾನೂ ಹೋದೆ. ಯಾಕೆ ಹೋದೆನೋ.
ಮೊನ್ನೆ ಮದುವೆಯೊಂದರಲ್ಲಿ, ಪಂಕ್ತಿಯ ನಡುವೆ
ಹೋಳಿಗೆ ಮುರಿಯುತ್ತ ಒಬ್ಬಾಕೆ ಕೇಳಿದ್ದಳು:
'ನೀವು ಎಲ್ಲಿಂದ ಬಂದೋರು?'
ಇಲ್ಲೇ, ಅಂದೆ.
'ಅಲ್ಲ, ಅದಕ್ಕೂ ಮುಂಚೆ?'
ತುಪ್ಪದವನು ಬಂದು ಬಡಿಸಿ ಹೋದ.
ಉತ್ತರ ಎಲೆಯ ಮೇಲೆ ಬರಲೇ ಇಲ್ಲ.

ಅರ್ಜಿ ನಾಲ್ಕು ಪುಟ.
ಮೊದಲು ಬಂದವರು ಯಾರು? ಯಾವ ಸಂವತ್ಸರ?
ಯಾವ ವ್ಯಾಪಾರಕ್ಕೆ? ಹತ್ತಿಗೋ, ಎಣ್ಣೆಗೋ, ಬೆಲ್ಲಕ್ಕೋ?
ಸನದು, ಕ್ರಯಪತ್ರ, ಕೀರ್ದಿ, ಯಾವುದಾದರೊಂದು ಲಗತ್ತಿಸಿ.
ಕಾರ್ಯದರ್ಶಿ ಕೊಟ್ರಬಸಪ್ಪನವರು ಕನ್ನಡಕ ಒರೆಸುತ್ತ
'ಜಹಗೀರಿನ ಕಾಲಕ್ಕೆ ಹೇರೆತ್ತು ಹೊಡಕೊಂಡು
ಬಂದೋನು ಒಬ್ಬ ಸಿಕ್ಕರೆ ಸಾಕಮ್ಮ' ಎಂದರು.
ಅವರ ಬೆನ್ನ ಹಿಂದೆ ಪಟ್ಟಿ. ಐವತ್ತೆರಡು ಹೆಸರು,
ಎಲ್ಲಕ್ಕೂ ಮೀಸೆ.

ನಮ್ಮಲ್ಲಿ ಸನದಿಲ್ಲ.
ನಡುಮನೆಯ ಗೂಡಿನಲ್ಲಿ ಒಂದು ದಬ್ಬಳವಿದೆ,
ಅಂಗೈಯುದ್ದ, ಕಣ್ಣು ಸವೆದು ಸೀಳಿದ್ದು.
ಅಪ್ಪ ಗೋಣಿಚೀಲ ಹೊಲಿದ, ಅವನಪ್ಪನೂ ಹೊಲಿದ.
ಯಾರೂ ಅದನ್ನು ಎಸೆಯಲಿಲ್ಲ.
ಆಯುಧಪೂಜೆಗೆ ಒಂದು ಬೊಟ್ಟು ಕುಂಕುಮ, ಅಷ್ಟೆ.

ಹೆಳವ ಬರುವ ತಿಂಗಳಿಗೆ ಕಾದೆ.
ಈಗ ಅವನಿಗೆ ಎತ್ತಿಲ್ಲ, ಮೊಪೆಡ್ಡು;
ಹ್ಯಾಂಡಲಿಗೆ ಅದೇ ಎತ್ತಿನ ಗಂಟೆ.
ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ, ಚಹಾ ಕುಡಿದು,
ಕೆಂಪು ಬಟ್ಟೆ ಬಿಚ್ಚಿ ಹೊತ್ತಿಗೆ ತೆರೆದು
ಒಂದೇ ಉಸಿರಿಗೆ ಮೇಲೆ ಹತ್ತಿದ:
'ತಿಪ್ಪಣ್ಣ ಚೌಡಪ್ಪನ ಮಗ, ಚೌಡಪ್ಪ ಗುರುಸಿದ್ದನ ಮಗ,
ಗುರುಸಿದ್ದ ಹಾಲಪ್ಪನ ಮಗ, ಹಾಲಪ್ಪ ದುರುಗನ ಮಗ,
ದುರುಗ ಕರಿಯಣ್ಣನ ಮಗ, ಕರಿಯಣ್ಣ...'
ಬೆರಳು ನಿಂತಿತು.
'ಕರಿಯಣ್ಣ ಒಬ್ಬಾಕಿ ಮಗ. ಗಂಡಿನ ಹೆಸರು ಹಾಕಿಲ್ಲ.
ದಬ್ಬಳದವಳು ಅಂತ ಐತಿ. ಅಷ್ಟೇ ಐತಿ, ತಾಯಿ.'

ಎತ್ತಿನ ಸಾಲಿನ ಹಿಂದೆ, ಧೂಳಿನಲ್ಲಿ,
ಹರಿದ ಹೇರು ಹೊಲಿಯುತ್ತ ನಡೆದವಳು.
ಕಾಳು ಸೋರಿದರೆ ಬಗ್ಗಿ ಆಯ್ದವಳು.
ಹೊಟ್ಟೆಯಲ್ಲೋ ಬೆನ್ನಲ್ಲೋ ಕರಿಯಣ್ಣ.
ಸಾಹುಕಾರರು ಅಂಗಡಿಗೆ ಜಾಗ ಅಳೆಯುವಾಗ
ಎಲ್ಲಿ ಕೂತಿದ್ದಳೋ. ಕೆರೆ ಏರಿಯ ಮೇಲಿರಬಹುದು.
ಅಲ್ಲಿ ಮೊದಲೇ ದನಕ್ಕೆ ದಾವಣಿ ಕಟ್ಟಿಕೊಂಡಿದ್ದವರು
ಜರುಗಿ ಕೂತು ನೆರಳು ಕೊಟ್ಟಿರಬಹುದು.
ಅವರ ಸಂಘ ಎಲ್ಲಿದೆಯೋ, ಯಾವ ಅಟ್ಟದಲ್ಲೋ.

ಕೊಟ್ರಬಸಪ್ಪನವರು ಓದಿದರು, ಮತ್ತೆ ಓದಿದರು.
'ಮೂಲಪುರುಷ' ಎಂಬಲ್ಲಿ ಪುರುಷನನ್ನು ಹೊಡೆದು
ನಾನು ಬರೆದದ್ದು ನೋಡಿ
(ಕೆಟ್ಟ ಮನುಷ್ಯರಲ್ಲ) ಮೆಲ್ಲಗೆ ಅಂದರು:
'ಯಾವುದಾದರೂ ಒಂದು ಹೆಸರು ಹಾಕ್ರಮ್ಮ, ಯಾರು ನೋಡ್ತಾರೆ?'
ನಾನು ನೋಡ್ತೀನಿ, ಅನ್ನಬೇಕಿತ್ತು. ಅನ್ನಲಿಲ್ಲ.
'ಕಮಿಟಿ ಮುಂದೆ ಇಡ್ತೀನಿ ಬಿಡ್ರಿ.'
ದುಡ್ಡು ಎಣಿಸಿ ವಾಪಸು ಕೊಟ್ಟರು. ಒಂದು ರೂಪಾಯಿ
ಕೈ ಜಾರಿ ಮೆಟ್ಟಿಲಿಳಿದು ಹೋಯಿತು. ಹುಡುಕಲಿಲ್ಲ.
ಶಾಲಿನ ಆಸೆ ಇತ್ತು, ಸುಳ್ಳೇಕೆ.

ಆವತ್ತು ಹೊತ್ತಿಗೆ ಕಟ್ಟುವ ಮುಂಚೆ
ಹೆಳವ ಕೇಳಿದ್ದ, 'ಹೊಸಬರು ಯಾರಾದರೂ?'
ಮೊಮ್ಮಗಳು, ಅಂದೆ. ಚಾರ್ವಿ.
'ಹೆಣ್ಣುಮಕ್ಕಳನ್ನ ಬರೆಯೋ ಪದ್ಧತಿ ಇಲ್ಲವ್ವ.'
ಒಬ್ಬಳನ್ನ ಬರೆದೀರಲ್ಲ?
ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡ.
ಎರಡು ಸೇರು ಜೋಳ, ಒಂದು ತಾಮ್ರದ ತಂಬಿಗೆ ಇಟ್ಟೆ.
'ಚಾ ಗೆ ದೀರ್ಘವೇನು?' ಎಂದು ಎರಡು ಸಲ ಕೇಳಿ
ಬರೆದ. ಒಣಗಲೆಂದು ಊದಿದ.
ಮೊಪೆಡ್ಡು ಒದ್ದು ಹೊಂಡದ ಸರ್ಕಲ್ಲಿನ ಕಡೆ ಹೊರಟ.
ತಿರುವಿನಾಚೆಗೂ ಸ್ವಲ್ಪ ಹೊತ್ತು
ಇಲ್ಲದ ಎತ್ತಿನ ಗಂಟೆ ಕೇಳಿಸುತ್ತಿತ್ತು.